ಹಳೇ ಟೂರಿಂಗ್ ಬೈಕಿಗೆ ಲಗೇಜ್ ಕೂರಿಸುವುದು ಹೇಗೆ? ಕೊಡಗಿನ ಮಳೆ, ತಿರುವು ನೋಡಿಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮದೆನಾಡು ದಾಟಿ ಸಂಪಾಜೆ ಕಡೆ ಇಳಿಯುತ್ತಿದ್ದೆ. ಜೋಡುಪಾಲದ ಹತ್ತಿರ ಒಂದು ತಿರುವಿನಲ್ಲಿ ಬೈಕಿನ ಹಿಂಭಾಗ ಬಾಲ ಆಡಿಸಿದ ಹಾಗಾಯ್ತು. ಪಂಕ್ಚರ್ ಇರಬೇಕು ಅಂತ ಪಕ್ಕಕ್ಕೆ ಹಾಕಿದೆ. ಟೈರ್ ಚೆನ್ನಾಗೇ ಇತ್ತು. ಆದರೆ ನೈಲಾನ್ ಸುಟ್ಟ ವಾಸನೆ ಬರುತ್ತಿತ್ತು. ಬಲಗಡೆಯ ಸ್ಟೇ, ಅಂದರೆ ಬ್ಯಾಗನ್ನು ಹೊರುವ ಪೈಪಿನ ಕಂಬಿ, ಮುರಿದು ಬ್ಯಾಗ್ ಹೋಗಿ ಸೈಲೆನ್ಸರ್ ಮೇಲೆ ಮಲಗಿತ್ತು. ಮುರಿದ ಜಾಗವನ್ನು ಬಗ್ಗಿ ನೋಡಿದೆ. ಪೈಪಿನ ಮುಕ್ಕಾಲು ಭಾಗ ಕಂದು ತುಕ್ಕು, ಉಳಿದ ಕಾಲು ಭಾಗ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಅವತ್ತು ಬಿಟ್ಟದ್ದಲ್ಲ. ಎಷ್ಟೋ ವಾರಗಳಿಂದ ಕಪ್ಪು ಪೇಂಟಿನ ಕೆಳಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು, ಮಳೆನೀರು ಕುಡಿದು ತುಕ್ಕು ಹಿಡಿದು, ಕೊನೆಯ ಕಾಲು ಭಾಗ ಮಾತ್ರ ಅವತ್ತು ಕಿತ್ತಿತ್ತು.

ಆ ಬ್ಯಾಗ್ ಆರಿಸಲು ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಅದನ್ನು ಹೊರುವ ಕಂಬಿಯನ್ನು ಐದು ನಿಮಿಷ ನೋಡಿರಲಿಲ್ಲ.

ಹಳೇ ಬೈಕಿನ ಲಗೇಜ್ ವಿಷಯದಲ್ಲಿ ಎಲ್ಲರೂ ಶುರು ಮಾಡುವುದು ಬ್ಯಾಗಿನಿಂದ. ಯಾವ ಕಂಪನಿ, ಎಷ್ಟು ಲೀಟರ್, ಎಷ್ಟು ದುಡ್ಡು ಅಂತ. ನನ್ನ ಪ್ರಕಾರ ಕೆಲಸ ತಿರುಗಾ ಮುರುಗಾ ಆಗಬೇಕು. ಮೊದಲು ಬೈಕ್, ಆಮೇಲೆ ಸ್ಟೇ, ಕೊನೆಗೆ ಬ್ಯಾಗ್. ಇಲ್ಲಿ ಬರೆದಿರುವುದೂ ಅದೇ ಕ್ರಮದಲ್ಲಿ.

ನನ್ನದು 2013ರ ಥಂಡರ್‌ಬರ್ಡ್ 350. ಆ ಮಾಡೆಲ್ 2020ರಲ್ಲಿ ನಿಂತುಹೋಯಿತು, ಅದರ ಜಾಗಕ್ಕೆ ಮೀಟಿಯರ್ ಬಂತು. 20 ಲೀಟರ್ ಟ್ಯಾಂಕ್, ಉದ್ದ ಸೀಟು, ಹಿಂದೆ ಒರಗಲು ಬ್ಯಾಕ್‌ರೆಸ್ಟ್. ದೂರ ಹೋಗಲೆಂದೇ ಮಾಡಿದ ಬೈಕ್. ನಿಮ್ಮದು ಹಳೇ ಬುಲೆಟ್ ಇರಬಹುದು, ಅವೆಂಜರ್ ಇರಬಹುದು, ಮೈಸೂರಿನಲ್ಲೇ ತಯಾರಾದ ಯೆಜ್ಡಿ ಇರಬಹುದು. ಬೋಲ್ಟ್ ಇರುವ ಜಾಗ ಬೇರೆ ಆಗುತ್ತದೆ ಅಷ್ಟೇ, ಲೆಕ್ಕ ಒಂದೇ.

ಹೆಜ್ಜೆ 1: ಬೈಕ್ ಹೊರುತ್ತದಾ ಅಂತ ನೋಡಿ

ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಟ ಬಂದರೆ ವೀಲ್ ಬೇರಿಂಗ್ ಹೋಗಿರುತ್ತದೆ, ಇಲ್ಲವೇ ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ, ಬುಷ್ ಸವೆದಿರುತ್ತದೆ. ಯಾವುದು ಅಂತ ಗೊತ್ತಾಗಬೇಕಾದರೆ ಚಕ್ರ ಬಿಟ್ಟು ಸ್ವಿಂಗ್ ಆರ್ಮನ್ನೇ ಹಿಡಿದು ಅಲ್ಲಾಡಿಸಿ. ಒಬ್ಬರೇ ಓಡಾಡುವಾಗ ಈ ಆಟ ಗೊತ್ತೇ ಆಗುವುದಿಲ್ಲ. ಹಿಂದೆ 20 ಕೆ.ಜಿ. ಬಿದ್ದ ಮೇಲೆ ತಿರುವಿನಲ್ಲಿ ಗೊತ್ತಾಗುತ್ತದೆ.

ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲಾದರೂ ಕಟ್ಟಿ ಹಿಡಿದ ಹಾಗಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಾಯಿಸಿ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿ ಧೂಳು ಕೂತಿದ್ದರೆ ಅದರ ಆಯಸ್ಸು ಮುಗಿದಿದೆ. ಸ್ಪೋಕ್ ಚಕ್ರವಾದರೆ ಒಂದೊಂದು ಕಡ್ಡಿಯನ್ನೂ ಸ್ಪ್ಯಾನರಿನಿಂದ ತಟ್ಟಿ ನೋಡಿ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3219 ಅಂತಿದ್ದರೆ 2019ರ 32ನೇ ವಾರದಲ್ಲಿ ಆದ ಟೈರ್. ನಮ್ಮಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ರಸ್ತೆ ಒದ್ದೆ, ತೋಟದ ಬದಿಯಲ್ಲಿ ಪಾಚಿ. ಟೈರಿನ ಮೇಲಿನ ಗೀರು ಇನ್ನೂ ಆಳ ಇದೆ ಅಂತ ಹಳೇ ಗಟ್ಟಿ ಟೈರನ್ನು ನಂಬಬೇಡಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಸೀಟು ಬಿಚ್ಚಿ. ಫ್ರೇಮಿನ ಹಿಂಭಾಗ, ಅದರಲ್ಲೂ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟ್ ಕೂರುವ ಜಾಗದ ಸುತ್ತ ಕೆಸರು ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ವೆಲ್ಡಿಂಗ್ ಪಕ್ಕದಲ್ಲಿ ಕೂದಲಿನಷ್ಟು ಕಂದು ಗೆರೆ ಕಂಡರೂ ಲಗೇಜ್ ಯೋಚನೆ ಅಲ್ಲಿಗೇ ನಿಲ್ಲಿಸಿ, ಅದನ್ನು ಮೊದಲು ಸರಿಮಾಡಿಸಿ. ಕೊಡಗಿನಲ್ಲಿ ನಿಂತ ಬೈಕ್ ಒಣಗುವುದು ಕಷ್ಟ, ಅದಕ್ಕೆ ಇಲ್ಲಿ ಹೀಗೆ ನೋಡುವುದು ಜಾಸ್ತಿ ಅಗತ್ಯ.

ಹೆಜ್ಜೆ 2: ತೂಕದ ಲೆಕ್ಕ ಹಾಕಿ

ಬೈಕಿನ ಮ್ಯಾನುಯಲ್‌ನಲ್ಲಿ ಒಟ್ಟು ಎಷ್ಟು ತೂಕದವರೆಗೆ ಅಂತ ಕೊಟ್ಟಿರುತ್ತಾರೆ. ಅದರಲ್ಲಿ ಬೈಕಿನ ಸ್ವಂತ ತೂಕ ಕಳೆಯಿರಿ. ಉಳಿದದ್ದರಲ್ಲಿ ನೀವು, ಹಿಂದೆ ಕೂರುವವರು, ಸ್ಟೇ, ಖಾಲಿ ಬಾಕ್ಸ್ ಎಲ್ಲವೂ ಸೇರಬೇಕು. ಉಳಿದದ್ದು 170 ಕೆ.ಜಿ. ಅಂತಿಟ್ಟುಕೊಳ್ಳಿ. ನೀವು 75, ಮನೆಯವರು 60, ಸ್ಟೇ ಮತ್ತು ಬಾಕ್ಸ್ 12. ಸಾಮಾನಿಗೆ ಉಳಿದದ್ದು 23 ಕೆ.ಜಿ. ಅಷ್ಟೇ! ಅದರಲ್ಲೂ ಹಳೇ ಬೈಕ್ ಅಂತ ನಾನು ಐದಾರು ಕೆ.ಜಿ. ಬಿಟ್ಟೇ ಲೆಕ್ಕ ಹಾಕುತ್ತೇನೆ. ಕಬ್ಬಿಣದ ದೊಡ್ಡ ಬಾಕ್ಸ್ ನೋಡಲು ಚಂದ, ನಿಜ. ಆದರೆ ಖಾಲಿ ಇದ್ದಾಗಲೇ ನಿಮ್ಮ ಪಾಲಿನ ಅರ್ಧ ತೂಕ ತಿಂದುಬಿಡುತ್ತದೆ.

ಹೆಜ್ಜೆ 3: ಯಾವ ಥರದ ಬ್ಯಾಗ್ ಅಂತ ತೀರ್ಮಾನಿಸಿ (ಇನ್ನೂ ಕೊಳ್ಳಬೇಡಿ)

ಬಟ್ಟೆಯ ಸ್ಯಾಡಲ್ ಬ್ಯಾಗ್ ಹಗುರ. ಬಿದ್ದರೆ ಒಡೆಯುವುದಿಲ್ಲ, ಬೇಡದಾಗ ಬಿಚ್ಚಿ ಮೂಲೆಗಿಡಬಹುದು. ಬೀಗ ಇಲ್ಲ, ನೀರು ಬರುತ್ತದೆ. ಫೈಬರ್ ಸೈಡ್ ಬಾಕ್ಸ್‌ಗೆ ಬೀಗ ಇದೆ, ಬೆಲೆ ಕಮ್ಮಿ, ಸ್ಟಡ್ಸ್ ಥರದ್ದು ಎಷ್ಟೋ ವರ್ಷದಿಂದ ನಮ್ಮೂರಿನ ಬೈಕುಗಳಲ್ಲಿ ನೋಡಿಕೊಂಡೇ ಬಂದಿದ್ದೇವೆ. ದಿನಾ ಪೇಟೆಗೆ ಹೋಗಿಬರಲು ಅದು ಸಾಕು. ಟಾಪ್ ಬಾಕ್ಸ್ ಹೆಲ್ಮೆಟ್ ಇಡಲು, ರೈನ್‌ಕೋಟ್ ಇಡಲು ತುಂಬಾ ಅನುಕೂಲ, ಆದರೆ ಅದು ಹಿಂದಿನ ಆಕ್ಸಲ್‌ಗಿಂತ ಹಿಂದೆ, ಮೇಲೆ ಕೂರುತ್ತದೆ. ಅಲ್ಲಿ ತೂಕ ತುಂಬಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗಲು ಶುರುವಾಗುತ್ತದೆ. ಬಾಕ್ಸಿನ ತಳದಲ್ಲಿ ಎಷ್ಟು ಕೆ.ಜಿ. ಅಂತ ಬರೆದಿರುತ್ತಾರೆ. ಬಾಕ್ಸ್ ಎಷ್ಟೇ ದೊಡ್ಡದಿದ್ದರೂ ಆ ಅಂಕಿ ಚಿಕ್ಕದೇ ಇರುತ್ತದೆ. ಅದನ್ನು ಮೀರಬೇಡಿ. ಟ್ಯಾಂಕ್ ಬ್ಯಾಗ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಪರ್ಸು, ಕಾಗದಪತ್ರಕ್ಕೆ ಒಳ್ಳೆಯದು.

ಚರ್ಮದ ಬ್ಯಾಗ್ ಆಸೆ ಇದ್ದವರಿಗೆ ಒಂದು ಮಾತು. ಬಯಲುಸೀಮೆಯಲ್ಲಿ ಸರಿ. ಇಲ್ಲಿ ಜುಲೈ ತಿಂಗಳಲ್ಲಿ ಒಂದು ವಾರ ಮುಟ್ಟದೆ ಬಿಟ್ಟರೆ ಬಿಳಿ ಬೂಷ್ಟು ಹಿಡಿದಿರುತ್ತದೆ.

ಅಗಲದ ಬಗ್ಗೆ ನನ್ನದೊಂದು ನಿಯಮ ಇದೆ. ಎರಡೂ ಬದಿ ಸೇರಿಸಿ ಬ್ಯಾಗಿನ ಅಗಲ ಹ್ಯಾಂಡಲ್ ಬಾರಿಗಿಂತ ಹೆಚ್ಚಿರಬಾರದು. ಹ್ಯಾಂಡಲ್ ನುಗ್ಗಿದ ಜಾಗದಲ್ಲಿ ಹಿಂಭಾಗವೂ ನುಗ್ಗುತ್ತದೆ. ಸಿದ್ದಾಪುರ, ಮಾಲ್ದಾರೆ ಕಡೆಯ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದರೆ ಡಾಂಬರಿನ ಅಂಚಿಗೇ ಇಳಿಯಬೇಕು, ಆಗ ಒಂದು ಗೇಣು ಹೆಚ್ಚಿದ್ದರೂ ತೋಟದ ಬೇಲಿಗೆ ತಾಗುತ್ತದೆ.

ಕಾನೂನಿನದ್ದೂ ಇಲ್ಲೇ ಹೇಳಿಬಿಡುತ್ತೇನೆ. 2020ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಬೈಕಿಗೆ ಹಾಕುವ ಡಬ್ಬಿ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ, 500 ಮಿ.ಮೀ. ಎತ್ತರ ಮೀರಬಾರದು. ಹಿಂದೆ ಕೂರುವವರ ಜಾಗದಲ್ಲೇ ಡಬ್ಬಿ ಇಟ್ಟರೆ ಇನ್ನೊಬ್ಬರು ಕೂರುವಂತಿಲ್ಲ. ಹಿಂದಿನ ಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚುವ ಸಾರಿ ಗಾರ್ಡ್ ಕೂಡ ಕಡ್ಡಾಯ. ಸ್ಟೇ ಕೂರಿಸಲು ಅದನ್ನು ಕಿತ್ತು ಹಾಕುವವರು ತುಂಬಾ ಜನ. ಕೀಳಬೇಡಿ, ಅದರ ಜೊತೆಗೇ ಸ್ಟೇ ಮಾಡಿಸಬಹುದು. 15 ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಲು ಮಡಿಕೇರಿ ಆರ್‌ಟಿಓಗೆ ಬೈಕ್ ಒಯ್ಯುವಾಗಲೂ ಇದು ಬೇಕಾಗುತ್ತದೆ. ನಂಬರ್ ಪ್ಲೇಟ್, ಟೇಲ್ ಲೈಟ್, ಇಂಡಿಕೇಟರ್ ಮೂರೂ ಹಿಂದಿನಿಂದ ಪೂರ್ತಿ ಕಾಣಬೇಕು.

ಹೆಜ್ಜೆ 4: ಸ್ಟೇ ಮಾಡಿಸುವುದು

ಹಳೇ ಮಾಡೆಲ್‌ಗಳಿಗೆ ರೆಡಿಮೇಡ್ ಸ್ಟೇ ಸಿಗುವುದು ಕಮ್ಮಿಯಾಗುತ್ತಿದೆ. ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಊರಿನ ವೆಲ್ಡಿಂಗ್ ಅಂಗಡಿಯೇ ಗತಿ. ಜೀಪಿಗೆ ಕ್ಯಾರಿಯರ್, ತೋಟಕ್ಕೆ ಗೇಟು ಮಾಡುವವರು ಇದನ್ನೂ ಚೆನ್ನಾಗಿ ಮಾಡುತ್ತಾರೆ, ನಾವು ಏನು ಬೇಕು ಅಂತ ಸರಿಯಾಗಿ ಹೇಳಬೇಕು ಅಷ್ಟೇ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ರಟ್ಟಿನ ಪೆಟ್ಟಿಗೆ ಕತ್ತರಿಸಿ ನಿಮಗೆ ಬೇಕಾದ ಬ್ಯಾಗಿನ ಅಳತೆಯಲ್ಲೇ ಎರಡು ಡಬ್ಬಿ ಮಾಡಿ, ಟೇಪ್ ಹಾಕಿ ಬೈಕಿಗೆ ಅಂಟಿಸಿ. ಈಗ ಮನೆಯವರನ್ನು ಹಿಂದೆ ಕೂರಿಸಿ. ಹಿಮ್ಮಡಿ ಡಬ್ಬಿಗೆ ತಾಗುತ್ತದಾ? ಕಿಕ್ಕರ್ ಪೂರ್ತಿ ಕೆಳಗೆ ಬರುತ್ತದಾ? ಸೆಂಟರ್ ಸ್ಟ್ಯಾಂಡ್ ಒತ್ತಲು ಕಾಲು ಹೋಗುತ್ತದಾ? ಚೈನ್ ಅಡ್ಜಸ್ಟ್ ಮಾಡಲು ಸ್ಪ್ಯಾನರ್ ಹಿಡಿಯುತ್ತದಾ? ಸೈಲೆನ್ಸರಿಗೂ ಡಬ್ಬಿಗೂ ನಡುವೆ ನಾಲ್ಕು ಬೆರಳು ಜಾಗ ಇದೆಯಾ? ನನ್ನ ಮೊದಲ ರಟ್ಟಿನ ಡಬ್ಬಿಯನ್ನು ನನ್ನ ಹೆಂಡತಿಯ ಹಿಮ್ಮಡಿಯೇ ಒದ್ದು ಹರಿಯಿತು. ಎರಡು ಇಂಚು ಹಿಂದಕ್ಕೆ ಸರಿಸಿದೆ. ಕಬ್ಬಿಣದಲ್ಲಿ ಮಾಡಿದ ಮೇಲೆ ಆ ಎರಡು ಇಂಚು ಸರಿಸಲು ಆಗುತ್ತಿತ್ತಾ?

ಮುರಿದ ಸ್ಟೇ ಹಿಡಿದುಕೊಂಡು ಗೋಣಿಕೊಪ್ಪದ ಒಂದು ಅಂಗಡಿಗೆ ಹೋಗಿದ್ದೆ. "ಅಣ್ಣ, ಈ ಸಲ ಡಬಲ್ ದಪ್ಪದ ಪೈಪ್ ಹಾಕಿ" ಅಂದೆ. ಅವರು ಮುರಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ದಪ್ಪ ಹಾಕಿದ್ರೆ ಭಾರ ಆಗತ್ತೆ ತಮ್ಮ, ಗಟ್ಟಿ ಆಗಲ್ಲ. ಇದಕ್ಕೆ ಮೂರನೇ ಕಾಲು ಇಲ್ಲ ನೋಡು" ಅಂದರು. ಅವರು ಹೇಳಿದ್ದೇ ಸರಿ. ನನ್ನ ಹಳೇ ಸ್ಟೇಗೆ ಮುಂದೆ ಎರಡು ಬೋಲ್ಟ್ ಇತ್ತು, ಹಿಂದಿನ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ದೊಡ್ಡ ಸಿಂಗಲ್ ಸಿಲಿಂಡರ್ ಬೈಕ್ ಓಡುವಾಗ ಇಡೀ ದಿನ ಸಣ್ಣಗೆ ನಡುಗುತ್ತಲೇ ಇರುತ್ತದೆ. ತುದಿ ಬಿಟ್ಟ ಕಂಬಿ ಆ ನಡುಕಕ್ಕೆ ಬಾಗಿ ಬಾಗಿ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ವೆಲ್ಡಿಂಗ್ ಹತ್ತಿರ ಮುರಿಯುತ್ತದೆ.

ಅದಕ್ಕೆ ಪ್ರತಿ ಬದಿಗೂ ಮೂರು ಕಡೆ ಹಿಡಿತ ಇರಬೇಕು. ಒಂದು, ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟ್. ಎರಡು, ಸೀಟಿನ ಹಿಂದೆ ಗ್ರ್ಯಾಬ್ ರೈಲ್ ಅಥವಾ ಬ್ಯಾಕ್‌ರೆಸ್ಟ್ ಕೂರುವ ಜಾಗ. ಮೂರು, ನಂಬರ್ ಪ್ಲೇಟಿನ ಹಿಂದೆ ಎಡ ಬಲ ಸ್ಟೇ ಎರಡನ್ನೂ ಸೇರಿಸುವ ಅಡ್ಡ ಪಟ್ಟಿ. ಈ ಅಡ್ಡ ಪಟ್ಟಿ ಇದ್ದರೆ ಒಂದು ಬದಿ ಒಳಗೆ ಬರಬೇಕಾದರೆ ಇನ್ನೊಂದು ಬದಿ ಹೊರಗೆ ಹೋಗಬೇಕು, ಹಾಗಾಗಿ ಎರಡೂ ಅಲ್ಲಾಡುವುದಿಲ್ಲ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್‌ಗೆ ಮಾತ್ರ ಏನನ್ನೂ ಕಟ್ಟಬೇಡಿ. ಅದು ಸ್ವಿಂಗ್ ಆರ್ಮ್ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಸ್ಟೇಯ ಒಂದು ತುದಿ ನಿಂತಿರುವ ಫ್ರೇಮಿಗೂ ಇನ್ನೊಂದು ತುದಿ ಓಡಾಡುವ ಸ್ವಿಂಗ್ ಆರ್ಮಿಗೂ ಸೇರಿದರೆ ಮೊದಲನೇ ಗುಂಡಿಯಲ್ಲೇ ಏನಾದರೊಂದು ಮುರಿಯುತ್ತದೆ.

ಪೈಪ್ 16 ಮಿ.ಮೀ. ದಪ್ಪ, 2 ಮಿ.ಮೀ. ಗೋಡೆಯ ಎಂಎಸ್ (ಮೈಲ್ಡ್ ಸ್ಟೀಲ್) ಸಾಕು. ಪೈಪಿನ ಅತ್ಯಂತ ಕೆಳಗಿನ ಜಾಗದಲ್ಲಿ, ವೆಲ್ಡಿಂಗಿನಿಂದ ದೂರ, 3 ಮಿ.ಮೀ. ತೂತು ಹೊಡೆಸಿ. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಬೇಕಲ್ವಾ? ಬೈಕಿನ ಫ್ರೇಮಿಗೇ ವೆಲ್ಡ್ ಮಾಡಲು ಯಾರು ಹೇಳಿದರೂ ಒಪ್ಪಬೇಡಿ. ಬೈಕ್ ಮೇಲಿಟ್ಟು ಅಳತೆಗೆ ಒಂದೆರಡು ಟ್ಯಾಕ್ (ಚುಕ್ಕಿಯಷ್ಟು ವೆಲ್ಡಿಂಗ್) ಹೊಡೆಯಬಹುದು, ಆಮೇಲೆ ಬಿಚ್ಚಿ ಕೆಳಗಿಟ್ಟೇ ಪೂರ್ತಿ ವೆಲ್ಡಿಂಗ್. ಟ್ಯಾಕ್ ಹೊಡೆಯುವ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಮಾಡುವ ಪೈಪಿಗೇ ಹಾಕಿಸಿ. ಇಲ್ಲವಾದರೆ ಆ ಕರೆಂಟು ಬೈಕಿನ ವೈರಿಂಗಿನಲ್ಲಿ ನುಗ್ಗಿ ರೆಕ್ಟಿಫೈಯರ್ ಸುಡಬಹುದು.

ಬೋಲ್ಟ್ ತಲೆಯ ಮೇಲೆ 8.8 ಅಂತ ಒತ್ತಿರುವುದನ್ನೇ ಕೇಳಿ ತನ್ನಿ, ಅದು ಗಟ್ಟಿತನದ ಗುರುತು. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿ. ಸ್ಟೇ ಪಟ್ಟಿ ನಡುವೆ ಸೇರಿದ್ದರಿಂದ ಮೊದಲಿನ ಬೋಲ್ಟ್ ಗಿಡ್ಡವಾಗುತ್ತದೆ. ನಟ್ ಬಿಗಿದ ಮೇಲೆ ಎರಡು ಮೂರು ಎಳೆ ಹೊರಗೆ ಕಾಣುವಷ್ಟು ಉದ್ದದ್ದು ಬೇಕು. ಸೈಲೆನ್ಸರ್ ಕಡೆ ಅಲ್ಯೂಮಿನಿಯಂ ತಗಡಿನ ತುಂಡೊಂದನ್ನು ಸ್ಟೇಗೆ ಹಿಡಿಸಿ. ತಗಡು ಬ್ಯಾಗಿಗೆ ಅಂಟಿಕೊಂಡಿರಬಾರದು, ನಡುವೆ ಗಾಳಿ ಆಡಬೇಕು.

ಈಗ ಬ್ಯಾಗ್ ಕೊಳ್ಳಿ.

ಹೆಜ್ಜೆ 5: ತುಂಬುವುದು, ಕಟ್ಟುವುದು

ಭಾರ ಇದ್ದದ್ದು ಕೆಳಗೆ, ಮುಂದೆ, ಒಳಗೆ. ಅಂದರೆ ಸೈಡ್ ಬ್ಯಾಗಿನ ತಳದಲ್ಲಿ, ಸೀಟಿನ ಕಡೆಗೆ, ಚಕ್ರಕ್ಕೆ ಹತ್ತಿರ. ಹಳೇ ಬೈಕಿನವರು ಕ್ಲಚ್ ಕೇಬಲ್, ಆಕ್ಸಿಲೇಟರ್ ಕೇಬಲ್, ಟ್ಯೂಬ್, ಸ್ಪಾರ್ಕ್ ಪ್ಲಗ್, ಚೈನ್ ಲಾಕ್, ಫ್ಯೂಸ್, ಕಟ್ಟು ಕಂಬಿ ಎಲ್ಲ ಇಟ್ಟುಕೊಂಡೇ ಹೊರಡಬೇಕು. ಆ ಟೂಲ್ಸ್ ಗಂಟು ಒಂದೇ ನಾಲ್ಕೈದು ಕೆ.ಜಿ. ಬರುತ್ತದೆ. ಅದು ಎಡಕ್ಕೆ ಹೋದರೆ ಬಲಕ್ಕೆ ಅಷ್ಟೇ ತೂಕದ್ದು ಹೋಗಬೇಕು. ಕೊಕ್ಕೆ ಇರುವ ಕೈ ತಕ್ಕಡಿಯಲ್ಲಿ ಎರಡೂ ಬ್ಯಾಗ್ ತೂಗಿ ನೋಡಿ, ಒಂದು ಕೆ.ಜಿ. ಒಳಗೆ ವ್ಯತ್ಯಾಸ ಇದ್ದರೆ ಸಾಕು. ಟಾಪ್ ಬಾಕ್ಸಿನಲ್ಲಿ ಜಾಕೆಟ್, ಟವೆಲ್, ಹೆಲ್ಮೆಟ್ ಥರದ್ದು ಮಾತ್ರ.

ನಮ್ಮವರು ಮೈಸೂರಿನ ನೆಂಟರ ಮನೆಗೆ ಹೊರಟರೆ ಕಾಫಿಪುಡಿ, ಕಾಳುಮೆಣಸು, ಜೇನು, ಅಡುಗೆಗೆ ಹಾಕುವ ಕಪ್ಪು ಹುಳಿ ಕಾಚಂಪುಳಿ ಇದ್ದೇ ಇರುತ್ತದೆ. ಕಾಚಂಪುಳಿ ಬಾಟಲಿಯನ್ನು ಟಾಪ್ ಬಾಕ್ಸಿನಲ್ಲಿ ಇಟ್ಟು ನೋಡಿದ್ದೇನೆ. ಕುಶಾಲನಗರ ಮುಟ್ಟುವಷ್ಟರಲ್ಲಿ ನಡುಕಕ್ಕೆ ಮುಚ್ಚಳ ಬಿಚ್ಚಿಕೊಂಡು ಕಪ್ಪು ಹುಳಿ ಬಿಳಿ ಅಂಗಿಗೆಲ್ಲ ಇಳಿದಿತ್ತು, ಆ ಕಲೆ ಇವತ್ತಿಗೂ ಹೋಗಿಲ್ಲ. ಬಾಟಲಿ ಬಾಯಿಗೆ ಪ್ಲಾಸ್ಟಿಕ್ ಇಟ್ಟು ಮುಚ್ಚಳ ಬಿಗಿದು, ಬಟ್ಟೆ ಸುತ್ತಿ, ಸೈಡ್ ಬ್ಯಾಗಿನ ತಳದಲ್ಲಿ ನೇರವಾಗಿ ನಿಲ್ಲಿಸಿ.

ಕಟ್ಟಲು ಕೊಕ್ಕೆಯ ಬಂಜಿ ಹಗ್ಗಕ್ಕಿಂತ ಬಕಲ್ ಇರುವ ಪಟ್ಟಿ ವಾಸಿ. ಬಂಜಿ ಎಳೆಯುತ್ತದೆ, ಗುಂಡಿಯಲ್ಲಿ ಬ್ಯಾಗ್ ಎದ್ದು ಕೂರುತ್ತದೆ, ಕೊಕ್ಕೆ ಜಾರಿದರೆ ಕಣ್ಣಿಗೇ ಬರುತ್ತದೆ. ಪಟ್ಟಿ ಬಿಗಿದ ಮೇಲೆ ಉಳಿದ ಬಾಲವನ್ನು ಗಂಟು ಹಾಕಿ ಒಳಗೆ ಸಿಕ್ಕಿಸುವುದನ್ನು ಮರೆಯಲೇಬೇಡಿ. ಗಾಳಿಗೆ ಹಾರುವ ಒಂದಡಿ ಪಟ್ಟಿ ಚೈನಿಗೆ ಸಿಕ್ಕರೆ ಹಿಂದಿನ ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ.

ಹೆಜ್ಜೆ 6: ಮಳೆ

ರೈನ್ ಕವರ್ ಮೇಲಿನ ನೀರು ತಡೆಯುತ್ತದೆ. ಆದರೆ ನೀರು ಬರುವುದು ಮೇಲಿನಿಂದ ಮಾತ್ರವಾ? ಹಿಂದಿನ ಚಕ್ರ ರಸ್ತೆಯ ನೀರನ್ನು ಎತ್ತಿ ಬ್ಯಾಗಿನ ಬೆನ್ನಿಗೇ ಹೊಡೆಯುತ್ತದೆ. ಆ ನೀರು ಕವರಿನೊಳಗೇ ಇಳಿದು, ಕವರ್ ಒಂದು ಬಟ್ಟಲಿನ ಹಾಗೆ ಅದನ್ನು ಹಿಡಿದಿಟ್ಟುಕೊಂಡು, ಬ್ಯಾಗಿನ ತಳ ಗಂಟೆಗಟ್ಟಲೆ ನೀರಲ್ಲಿ ಕೂತಿರುತ್ತದೆ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ತುಂಬಿ ಹರಿಯುವ ಕಾಲದಲ್ಲಿ ಒಮ್ಮೆ ಹೋಗಿಬಂದೆ. ಮೇಲಿನ ಅಂಗಿ ಒಣಗಿದ್ದವು, ತಳದ ಪ್ಯಾಂಟು ಹಿಂಡಿದರೆ ನೀರು ಸುರಿಯಿತು. ಕವರಿನ ತಳದಲ್ಲಿ ಒಂದು ಸಣ್ಣ ತೂತು ಬೇಕು, ತೂತಿನ ಸುತ್ತ ಐಲೆಟ್ (ಲೋಹದ ಬಳೆ) ಹಾಕಿಸಿದರೆ ಬಟ್ಟೆ ಹರಿದುಹೋಗುವುದಿಲ್ಲ.

ಹಾಗಾಗಿ ಹೊರಗೆ ಏನೇ ಹಾಕಿ, ಒಳಗಿನ ಚೀಲವನ್ನೇ ನಂಬಿ. ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ಇದ್ದರೆ ಸರಿ. ಇಲ್ಲವಾ, ತೋಟದ ಮನೆಯಲ್ಲಿ ಗೊಬ್ಬರದ ಮೂಟೆ ಇರುತ್ತದಲ್ಲ, ಅದರೊಳಗಿನ ದಪ್ಪ ಪ್ಲಾಸ್ಟಿಕ್ ಚೀಲ ತೆಗೆದು ಎರಡು ಮೂರು ಸಲ ಸೋಪಿನಲ್ಲಿ ತೊಳೆದು ಒಣಗಿಸಿ. ಬಟ್ಟೆ ತುಂಬಿ, ಗಾಳಿ ಹಿಂಡಿ ತೆಗೆದು, ಬಾಯಿಯನ್ನು ಮೂರು ಸುತ್ತು ಸುತ್ತಿ, ಮಡಚಿ, ರಬ್ಬರ್ ಹಾಕಿ. ಒಂದೇ ದೊಡ್ಡ ಚೀಲಕ್ಕಿಂತ ಮೂರು ಸಣ್ಣವು ಒಳ್ಳೆಯದು. ಒಂದು ತೂತಾದರೂ ಎರಡು ಉಳಿಯುತ್ತವೆ. ಒದ್ದೆ ಬಟ್ಟೆಗೆ ಒಂದು ಖಾಲಿ ಚೀಲವೂ ಇರಲಿ.

ಮನೆಗೆ ಬಂದ ಮೇಲೆ ಬ್ಯಾಗನ್ನು ಬೈಕಿನಲ್ಲೇ ಬಿಡಬೇಡಿ. ಎಲ್ಲ ಜಿಪ್ ತೆಗೆದು, ಬಾಯಿ ಕೆಳಗೆ ಮಾಡಿ, ಬಚ್ಚಲ ಒಲೆಯ ಹತ್ತಿರ ಬೆಂಕಿ ತಾಗದಷ್ಟು ದೂರದಲ್ಲಿ ನೇತು ಹಾಕಿ. ಮಳೆಗಾಲದಲ್ಲಿ ಕೊಡಗಿನ ಮನೆಯಲ್ಲಿ ಒಣಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೆಜ್ಜೆ 7: ಹೊರಡುವ ಮುಂಚೆ ಒಂದು ಟ್ರಯಲ್

ಲಗೇಜ್ ಹಾಕಿದ ಮೇಲೆ ಬೈಕನ್ನೂ ಅದಕ್ಕೆ ಹೊಂದಿಸಬೇಕು. ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಕೊಕ್ಕೆ ಸ್ಪ್ಯಾನರ್ ಹಾಕಿ ತಿರುಗಿಸುವ ಮೆಟ್ಟಿಲು ಇರುತ್ತದೆ, ನನ್ನ ಬೈಕಿನಲ್ಲಿ ಐದು ಇವೆ. ತೂಕ ಇದ್ದಾಗ ಎರಡೂ ಬದಿ ಒಂದೇ ಲೆಕ್ಕಕ್ಕೆ ಒಂದೆರಡು ಮೆಟ್ಟಿಲು ಏರಿಸಿ. ಹಿಂದಿನ ಟೈರಿಗೆ ಮ್ಯಾನುಯಲ್‌ನಲ್ಲಿ ಇಬ್ಬರಿಗೆ ಅಂತ ಕೊಟ್ಟಿರುವ ಗಾಳಿ ಹಾಕಿ, ಅದೂ ಟೈರ್ ತಣ್ಣಗಿರುವಾಗ. ಚೈನಿನ ಸಡಿಲವನ್ನು ತೂಕ ಹಾಕಿದ ಮೇಲೆ ಇನ್ನೊಮ್ಮೆ ನೋಡಿ, ಹಿಂಭಾಗ ಕೂತಾಗ ಅದು ಬಿಗಿಯಾಗುತ್ತದೆ. ಹೆಡ್‌ಲೈಟ್ ಸ್ವಲ್ಪ ತಗ್ಗಿಸಿ. ಹಿಂಭಾಗ ಕೂತರೆ ಬೆಳಕು ಮರದ ತುದಿಗೆ ಹೋಗುತ್ತದೆ, ಮಡಿಕೇರಿಯ ಮಂಜಿನಲ್ಲಿ ಮೇಲೆ ಹೋದ ಬೆಳಕು ಬಿಳಿ ಗೋಡೆಯ ಹಾಗೆ ಕಣ್ಣಿಗೇ ವಾಪಸ್ ಬರುತ್ತದೆ.

ಆಮೇಲೆ ನಿಜವಾದ ಸಾಮಾನೇ ತುಂಬಿ ಒಂದು ಸುತ್ತು ಹೋಗಿ. ನಾನು ಮಡಿಕೇರಿಯಿಂದ ಸುಂಟಿಕೊಪ್ಪಕ್ಕೆ ಇಳಿದು ವಾಪಸ್ ಹತ್ತುತ್ತೇನೆ. ಏರು, ಇಳಿಜಾರು, ತಿರುವು ಎಲ್ಲ ಅದರಲ್ಲೇ ಸಿಗುತ್ತದೆ. ಬ್ರೇಕ್ ಎಷ್ಟು ದೂರಕ್ಕೆ ಹಿಡಿಯುತ್ತದೆ ಅಂತ ಖಾಲಿ ರಸ್ತೆಯಲ್ಲಿ ಎರಡು ಮೂರು ಸಲ ಹಾಕಿ ನೋಡಿ. ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯದೆ ಕೆಳಗಿನ ಗೇರಿನಲ್ಲಿ ಇಳಿಯಿರಿ, ಡ್ರಮ್ ಬ್ರೇಕಿನ ಬೈಕ್ ಆದರೆ ಇನ್ನೂ ಎಚ್ಚರ, ಬಿಸಿಯಾದರೆ ಹಿಡಿಯುವುದಿಲ್ಲ. 60ರಲ್ಲಿ, 70ರಲ್ಲಿ ಹ್ಯಾಂಡಲ್ ನಡುಗಿದರೆ ಟಾಪ್ ಬಾಕ್ಸ್ ಅರ್ಧ ಖಾಲಿ ಮಾಡಿ ಮತ್ತೆ ನೋಡಿ. ಮುಕ್ಕಾಲು ಪಾಲು ಅಲ್ಲೇ ಸರಿಹೋಗುತ್ತದೆ.

50 ಕಿ.ಮೀ. ಆದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೆ ಬಿಗಿ ಮಾಡಿ. ಪೇಂಟು ಒತ್ತಿ ಕೂತು ಮೊದಲನೇ ಸಲ ಎಲ್ಲವೂ ಸ್ವಲ್ಪ ಸಡಿಲ ಆಗಿರುತ್ತದೆ. ಬಿಗಿದ ಮೇಲೆ ನಟ್‌ನಿಂದ ಸ್ಟೇ ಪಟ್ಟಿಗೆ ನೇರವಾಗಿ ಕೆಂಪು ನೈಲ್ ಪಾಲಿಶ್ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ನಿಂತಲ್ಲೇ ಗೊತ್ತಾಗುತ್ತದೆ, ಸ್ಪ್ಯಾನರ್ ಬೇಕಾಗಿಲ್ಲ. ಪೆಟ್ರೋಲ್ ಹಾಕಿಸುವಾಗೆಲ್ಲ ಒಂದು ಸಲ ಕಣ್ಣು ಹಾಯಿಸಿ.

ಸ್ಟೇಗೆ ಕಪ್ಪು ಪೇಂಟ್ ನಾನು ಈಗ ಹಾಕಿಸುವುದಿಲ್ಲ. ವೆಲ್ಡಿಂಗ್ ಜಾಯಿಂಟ್‌ಗಳಿಗೆಲ್ಲ ಬಿಳಿ ಪೇಂಟ್ ಹೊಡೆದಿದ್ದೇನೆ. ಬಿರುಕು ಬಿಟ್ಟರೆ ತುಕ್ಕಿನ ನೀರು ಅದರಿಂದ ಜಿನುಗಿ ಬಿಳಿ ಮೇಲೆ ಕಾಣಲೇಬೇಕು. ಕಳೆದ ಆಯುಧಪೂಜೆಗೆ ಬೈಕ್ ತೊಳೆಯುವಾಗ ಎಡಗಡೆ ಮೇಲಿನ ಜಾಯಿಂಟಿನಲ್ಲಿ ಉಗುರಿನಷ್ಟು ಉದ್ದದ ಕಂದು ಗೆರೆ ಕಂಡಿತು. ಒರೆಸಿದೆ, ಒಂದು ಗಂಟೆ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಮೂಡಿತ್ತು. ಪೂಜೆ ಮುಗಿಸಿ, ಸ್ಟೇ ಬಿಚ್ಚಿ ಪಕ್ಕಕ್ಕಿಟ್ಟೆ. ಹಬ್ಬ ಕಳೆದು ಅಂಗಡಿ ತೆರೆದ ದಿನವೇ ಅದನ್ನು ಹಿಡಿದುಕೊಂಡು ಗೋಣಿಕೊಪ್ಪಕ್ಕೆ ಹೋದೆ.